ವೀಸಾ ಬೇಡ ಎಂದರೆ ಪ್ರಶ್ನೆಯೇ ಬೇಡ ಎಂದರ್ಥವಲ್ಲ

‘ವೀಸಾ ಬೇಡ, ಪಾಸ್‌ಪೋರ್ಟ್ ಇದ್ದರೆ ಸಾಕು’ ಎಂಬ ಮಾತು ಇಂದು ನಮ್ಮ ಪಟ್ಟಣಗಳ ಟ್ರಾವೆಲ್ ಏಜೆನ್ಸಿಗಳ ಜಾಹೀರಾತುಗಳಲ್ಲಿ ಮಾತ್ರವಲ್ಲ, ಮದುವೆ ಹಾಲ್‌ಗಳ ಹರಟೆಯಲ್ಲೂ ಮಸೀದಿಯ ಅಂಗಳದ ಮಾತುಕತೆಯಲ್ಲೂ ಕೇಳಿಬರುತ್ತಿದೆ. ವೀಸಾ ಕಚೇರಿಗಳ ಮುಂದೆ ಸಾಲು ನಿಂತು, ಬ್ಯಾಂಕ್ ಪಾಸ್‌ಬುಕ್ಕಿನಿಂದ ಹಿಡಿದು ವಿವಾಹ ಪ್ರಮಾಣಪತ್ರದವರೆಗೆ ಎಲ್ಲವನ್ನೂ ತೋರಿಸಿ, ಕೊನೆಗೆ ಕಾರಣವನ್ನೂ ಹೇಳದ ನಿರಾಕರಣೆಯೊಂದಿಗೆ ಮರಳಿದ ಅನುಭವವಿರುವ ಸಮಾಜಕ್ಕೆ ಈ ಮಾತು ಹಿತವಾಗಿ ಕೇಳಿಸುವುದು ಸಹಜ. ಆದರೆ ಈ ಮಾತನ್ನು ನಮ್ಮ ಯುವಕರು ಅರ್ಥ ಮಾಡಿಕೊಂಡಿರುವ ರೀತಿಗೂ ಅದನ್ನು ಆಡಿದ ದೇಶಗಳ ಕಾನೂನಿನಲ್ಲಿ ಅದಕ್ಕಿರುವ ಅರ್ಥಕ್ಕೂ ನಡುವೆ ದೊಡ್ಡ ಕಂದಕವಿದೆ. ಆ ಕಂದಕಕ್ಕೆ ಬಿದ್ದ ನೂರಾರು ಭಾರತೀಯರನ್ನು ಮೇಲೆತ್ತಲು 2025ರಲ್ಲಿ ನಮ್ಮ ವಾಯುಪಡೆಯ ವಿಮಾನಗಳೇ ಥಾಯ್ಲೆಂಡಿಗೆ ಹೋಗಬೇಕಾಯಿತು. ಆದ್ದರಿಂದ ಈ ವಿಷಯವನ್ನು ಪ್ರವಾಸಿಗರ ಅನುಕೂಲದ ಸುದ್ದಿಯೆಂದು ಬದಿಗಿರಿಸುವಂತಿಲ್ಲ. ಮನೆಯ ಹಿರಿಯರು ಕುಳಿತು ಯೋಚಿಸಬೇಕಾದ ವಿಷಯವಿದು.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಕೊರೋನಾ ಕಾಲದಲ್ಲಿ ನೆಲಕಚ್ಚಿದ ಪ್ರವಾಸೋದ್ಯಮವನ್ನು ಎತ್ತಿ ನಿಲ್ಲಿಸಲು ಅನೇಕ ಏಶ್ಯನ್ ದೇಶಗಳು ಭಾರತೀಯರಿಗೆ ಬಾಗಿಲು ತೆರೆದವು. ಥಾಯ್ಲೆಂಡ್ 2023ರ ನವೆಂಬರ್ 10ರಿಂದ ಭಾರತೀಯರಿಗೆ 30 ದಿನಗಳ ವೀಸಾರಹಿತ ಪ್ರವೇಶ ನೀಡಿತು. 2024ರ ಜುಲೈ 15ರಿಂದ ಅದನ್ನು 60 ದಿನಗಳಿಗೆ ಏರಿಸಿ, ಭಾರತವೂ ಸೇರಿದಂತೆ 93 ದೇಶ ಮತ್ತು ಪ್ರದೇಶಗಳ ಜನರಿಗೆ ಅನ್ವಯಿಸಿತು. ಮಲೇಶ್ಯ 2023ರ ಡಿಸೆಂಬರ್ 1ರಿಂದ 30 ದಿನಗಳ ವಿನಾಯಿತಿ ಕೊಟ್ಟು, ಮುಂದೆ ಅದನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಇರಾನ್ 2024ರ ಫೆಬ್ರವರಿ 4ರಿಂದ 15 ದಿನಗಳ ವಿನಾಯಿತಿ ನೀಡಿತ್ತು. ಈ ಕೊನೆಯ ವಿನಾಯಿತಿ ಈಗ ಇಲ್ಲ. ಅದು ಏಕೆ ಇಲ್ಲವಾಯಿತು ಎಂಬುದನ್ನು ಮುಂದೆ ಹೇಳಲಿದ್ದೇವೆ.

ಇಷ್ಟಕ್ಕೂ ವೀಸಾ ವಿನಾಯಿತಿ ಎಂದರೇನು? ಮುಂಚಿತವಾಗಿ ಅರ್ಜಿ ಹಾಕಿ ಅನುಮತಿ ಪಡೆಯಬೇಕೆಂಬ ಒಂದೇ ಒಂದು ಷರತ್ತನ್ನು ಕೈಬಿಡುವುದು, ಅಷ್ಟೇ. ಮಿಕ್ಕ ಷರತ್ತುಗಳೆಲ್ಲ ಹಾಗೆಯೇ ಉಳಿದಿರುತ್ತವೆ. ಎಷ್ಟು ದಿನ ಇರಬಹುದು, ಯಾವ ಉದ್ದೇಶಕ್ಕೆ ಇರಬಹುದು, ಒಮ್ಮೆ ಹೊರಟರೆ ಮತ್ತೆ ಯಾವಾಗ ಒಳಬರಬಹುದು ಎಂಬ ಮೂರು ಪ್ರಶ್ನೆಗಳಿಗೆ ಆತಿಥೇಯ ದೇಶದ ಕಾನೂನು ತನ್ನದೇ ಉತ್ತರವನ್ನು ಇಟ್ಟುಕೊಂಡಿರುತ್ತದೆ. ಮರುಪ್ರಯಾಣದ ಟಿಕೆಟ್, ಉಳಿಯುವ ಸ್ಥಳದ ವಿಳಾಸ, ಖರ್ಚಿಗೆ ಬೇಕಾದ ಹಣ ಇವುಗಳನ್ನು ಅಧಿಕಾರಿ ಕೇಳಬಹುದು. ಥಾಯ್ಲೆಂಡಿನಲ್ಲಿ 2025ರ ಮೇ 1ರಿಂದ ವಿದೇಶೀಯರು ಆಗಮನದ ವಿವರಗಳನ್ನು ಮೊದಲೇ ಆನ್‌ಲೈನ್‌ನಲ್ಲಿ ತುಂಬಿರಬೇಕು. ಅಲ್ಲಿನ 1979ರ ವಲಸೆ ಕಾಯ್ದೆಯ ಪ್ರಕಾರ, ಜೀವನೋಪಾಯಕ್ಕೆ ತಕ್ಕ ಹಣವಿಲ್ಲದವರನ್ನೂ ಕೂಲಿ ಕೆಲಸಕ್ಕೆಂದು ಬಂದವರನ್ನೂ ಹೊಸ್ತಿಲಲ್ಲೇ ಹಿಂದಕ್ಕೆ ಕಳುಹಿಸುವ ಅಧಿಕಾರ ಅಧಿಕಾರಿಗಿದೆ. ವೀಸಾ ಬೇಡ ಎಂದು ಹೇಳಿದ ದೇಶವು ‘ನಿನ್ನನ್ನು ಒಳಗೆ ಬಿಟ್ಟೇ ಬಿಡುತ್ತೇನೆ’ ಎಂದು ಎಲ್ಲಿಯೂ ಮಾತು ಕೊಟ್ಟಿಲ್ಲ.

ದಿನಗಳ ಲೆಕ್ಕವನ್ನು ಮೊದಲು ತೆಗೆದುಕೊಳ್ಳೋಣ. 30 ಅಥವಾ 60 ದಿನ ಎಂದಾಗ ಆ ಅವಧಿ ಮುಗಿದ ಮೇಲೆ ಏನು ಎಂಬ ಪ್ರಶ್ನೆ ಬರುತ್ತದೆ. ನಿಯಮದ ಪ್ರಕಾರ ಇಮಿಗ್ರೇಶನ್ ಕಚೇರಿಗೆ ಹೋಗಿ, 1,900 ಬಾತ್ ಶುಲ್ಕ ಕಟ್ಟಿ ವಿಸ್ತರಣೆ ಕೇಳುವ ದಾರಿ ಥಾಯ್ಲೆಂಡಿನಲ್ಲಿದೆ. ಆದರೆ ದಶಕಗಳಿಂದ ಅಲ್ಲಿ ಇನ್ನೊಂದು ದಾರಿಯೂ ರೂಢಿಯಲ್ಲಿತ್ತು. ಅವಧಿ ಮುಗಿಯುವ ದಿನ ಬಸ್ಸು ಹತ್ತಿ ಗಡಿ ದಾಟುವುದು, ಆಚೆ ದೇಶದ ಮುದ್ರೆ ಒತ್ತಿಸಿಕೊಳ್ಳುವುದು, ಒಂದೆರಡು ಗಂಟೆಗಳಲ್ಲೇ ಮರಳಿ ಬಂದು ಹೊಸ ಅವಧಿಯ ಮುದ್ರೆ ಪಡೆಯುವುದು. ‘ವೀಸಾ ರನ್’ ಎಂದು ಕರೆಯಲ್ಪಡುವ ಈ ಓಟಕ್ಕಾಗಿಯೇ ಬ್ಯಾಂಕಾಕಿನಿಂದ ಗಡಿಗೆ ವ್ಯಾನುಗಳನ್ನು ಓಡಿಸುವ ಕಂಪೆನಿಗಳು ಹುಟ್ಟಿಕೊಂಡಿದ್ದವು. ಹೀಗೆ ವರ್ಷಗಟ್ಟಲೆ ‘ಪ್ರವಾಸಿಗ’ರಾಗಿಯೇ ಉಳಿದುಕೊಂಡ ಪಾಶ್ಚಾತ್ಯರ ಸಂಖ್ಯೆ ಸಣ್ಣದೇನಲ್ಲ.

ಥಾಯ್ ಸರಕಾರವು ಈ ಬಾಗಿಲನ್ನು ಒಂದೇ ಏಟಿಗೆ ಮುಚ್ಚಲಿಲ್ಲ. ಹಂತಹಂತವಾಗಿ ಕಿರಿದುಗೊಳಿಸುತ್ತಾ ಬಂತು. 2006ರಲ್ಲಿ, ಆರು ತಿಂಗಳೊಳಗೆ ಒಟ್ಟು 90 ದಿನಗಳಿಗಿಂತ ಹೆಚ್ಚು ಇರಕೂಡದೆಂಬ ನಿಯಮ ತಂದಿತು. 2008ರಲ್ಲಿ ಅದನ್ನು ಬದಲಿಸಿ, ಭೂಮಾರ್ಗವಾಗಿ ಬಂದವರಿಗೆ 30ರ ಬದಲು 15 ದಿನ ಮಾತ್ರ ಕೊಡತೊಡಗಿತು. 2014ರಲ್ಲಿ ಗಡಿಯಲ್ಲಿ ತಿರುಗಿ ಬರುವವರ ಮೇಲೆ ಕಠಿಣ ಕ್ರಮ ಕೈಗೊಂಡಿತು. 2016ರ ಡಿಸೆಂಬರ್ 31ರಿಂದ, ವೀಸಾ ವಿನಾಯಿತಿಯ ಮೇಲೆ ಭೂಗಡಿಯ ಮೂಲಕ ಒಂದು ವರ್ಷದಲ್ಲಿ ಎರಡೇ ಬಾರಿ ಪ್ರವೇಶ ಎಂಬ ಮಿತಿಯನ್ನು ಹಾಕಿತು. 2025ರ ನವೆಂಬರ್‌ನಲ್ಲಿ ಅಲ್ಲಿನ ವಲಸೆ ಇಲಾಖೆಯು, ತಕ್ಕ ಕಾರಣವಿಲ್ಲದೆ ಎರಡಕ್ಕಿಂತ ಹೆಚ್ಚು ಬಾರಿ ಹೀಗೆ ಹೋಗಿ ಬಂದವರಿಗೆ ಪ್ರವೇಶ ನಿರಾಕರಿಸಬಹುದೆಂದು ಪ್ರಕಟಿಸಿತು. ಮುದ್ರೆಯ ಮೇಲೆ ಮುದ್ರೆ ಒತ್ತಿಸಿಕೊಂಡು ಬದುಕು ಸಾಗಿಸುವ ಕಾಲ ಮುಗಿಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದು ಥಾಯ್ಲೆಂಡ್ ಒಂದರ ಕತೆಯಲ್ಲ. ಯುರೋಪಿನ ಶೆಂಗೆನ್ ದೇಶಗಳಲ್ಲಿ ಅಲ್ಪಾವಧಿಯ ಭೇಟಿಗೆ ಬಂದವರು ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ನಡುವೆ ಎಷ್ಟು ಬಾರಿ ಗಡಿ ದಾಟಿ ಬಂದರೂ ಲೆಕ್ಕ ಹೊಸದಾಗಿ ಆರಂಭವಾಗುವುದಿಲ್ಲ. 2025ರ ಅಕ್ಟೋಬರ್ 12ರಿಂದ ಅಲ್ಲಿ ಪಾಸ್‌ಪೋರ್ಟಿನ ಮುದ್ರೆಯ ಬದಲು ಬೆರಳಚ್ಚು ಮತ್ತು ಮುಖಚಿತ್ರವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ ಆರಂಭವಾಗಿದೆ. ಅಧಿಕಾರಿ ಪುಟ ತಿರುವಿ ಎಣಿಸುವಾಗ ತಪ್ಪಬಹುದಿತ್ತು, ಯಂತ್ರ ತಪ್ಪುವುದಿಲ್ಲ. ನಮ್ಮ ದೇಶವೂ ಈ ವಿಷಯದಲ್ಲಿ ಹೊರತಲ್ಲ. ಮುಂಬೈ ದಾಳಿಗೆ ಸಂಚು ರೂಪಿಸಿದವರಲ್ಲಿ ಒಬ್ಬನಾದ ಡೇವಿಡ್ ಹೆಡ್ಲಿ ಭಾರತಕ್ಕೆ ಪದೇ ಪದೇ ಬಂದು ಹೋಗಿದ್ದನೆಂಬುದು ಬಯಲಾದ ಬಳಿಕ, 2009ರಲ್ಲಿ ಪ್ರವಾಸಿ ವೀಸಾದವರಿಗೆ ಎರಡು ಭೇಟಿಗಳ ನಡುವೆ ಎರಡು ತಿಂಗಳ ಅಂತರ ಕಡ್ಡಾಯ ಮಾಡಲಾಗಿತ್ತು. 2012ರ ಡಿಸೆಂಬರ್‌ನಲ್ಲಿ ಹೆಚ್ಚಿನ ದೇಶಗಳವರ ಮಟ್ಟಿಗೆ ಅದನ್ನು ಕೈಬಿಡಲಾಯಿತು. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆಯಡಿ, ಅವಧಿ ಮೀರಿ ಭಾರತದಲ್ಲಿ ಉಳಿದ ವಿದೇಶೀಯನಿಗೆ ಮೂರು ವರ್ಷಗಳವರೆಗಿನ ಸೆರೆವಾಸ ಹಾಗೂ ಮೂರು ಲಕ್ಷ ರೂಪಾಯಿಗಳವರೆಗಿನ ದಂಡವಿದೆ. ನಮ್ಮ ಮನೆಗೆ ಬರುವ ಅತಿಥಿಗೆ ನಾವು ವಿಧಿಸುವ ಷರತ್ತನ್ನು ಇನ್ನೊಬ್ಬರು ನಮಗೆ ವಿಧಿಸಿದರೆ ಅದನ್ನು ಅನ್ಯಾಯವೆನ್ನಲಾಗದು.

ಹಾಗೆ ನೋಡಿದರೆ, ಗಡಿಯಲ್ಲಿ ತಿರುಗಿ ಬರುವ ಈ ವಿದ್ಯೆ ಕರಾವಳಿಯ ಕುಟುಂಬಗಳಿಗೆ ಹೊಸದೇನೂ ಅಲ್ಲ. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟೋ ಮನೆಗಳ ಹಿರಿಯರಿಗೆ ಇರಾನಿನ ಕಿಶ್ ದ್ವೀಪದ ಹೆಸರು ಗೊತ್ತಿದೆ. ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ, ಅವಧಿ ಮುಗಿದಾಗ ಕಿಶ್‌ಗೆ ಹಾರಿ, ಹೊಸ ವೀಸಾ ಬರುವವರೆಗೆ ಅಲ್ಲಿ ಕಾದು ಕುಳಿತವರ ನೆನಪುಗಳು ನಮ್ಮ ನಡುವೆ ಇನ್ನೂ ಜೀವಂತವಾಗಿವೆ. ಹೊಸ ವೀಸಾ ಎರಡು ದಿನಗಳಲ್ಲಿ ಬಂದವರು ಅದೃಷ್ಟವಂತರು. ಬಾರದೆ ಉಳಿದವರು ವಾರಗಟ್ಟಲೆ ಕೈಯಲ್ಲಿದ್ದ ದುಡ್ಡು ಕರಗುವುದನ್ನು ನೋಡುತ್ತಾ ಕುಳಿತರು. ಸಂಯುಕ್ತ ಅರಬ್ ಎಮಿರೇಟ್ಸ್ 2007, 2018 ಮತ್ತು 2024ರಲ್ಲಿ ಸಾರ್ವತ್ರಿಕ ಕ್ಷಮಾದಾನ ಘೋಷಿಸಿದಾಗ, ಅವಧಿ ಮೀರಿ ಉಳಿದಿದ್ದವರು ದೊಡ್ಡ ಸಂಖ್ಯೆಯಲ್ಲಿ ಬೆಳಕಿಗೆ ಬಂದರು. ಅವರಲ್ಲಿ ಮೋಸ ಮಾಡಲು ಹೋದವರು ಎಷ್ಟು ಮಂದಿ? ಸಾಲ ತೀರಿಸದೆ ಹೇಗೆ ಮರಳಲಿ ಎಂಬ ಸಂಕೋಚದಲ್ಲೇ ದಿನ ದೂಡಿ, ಕೊನೆಗೆ ಮರಳಲಾಗದ ಸ್ಥಿತಿಗೆ ತಲುಪಿದವರೇ ಹೆಚ್ಚಲ್ಲವೇ?

ಇಂದು ಥಾಯ್ಲೆಂಡಿನಲ್ಲಿ ಈ ಸಂಕೋಚದ ಬೆಲೆ ಎಷ್ಟೆಂಬುದನ್ನು ಓದುಗರು ತಿಳಿದಿರಬೇಕು. ಅವಧಿ ಮೀರಿದ ಪ್ರತಿ ದಿನಕ್ಕೆ 500 ಬಾತ್‌ನಂತೆ ಗರಿಷ್ಠ 20,000 ಬಾತ್ ದಂಡ. ಹಣ ಕಟ್ಟಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. 2016ರ ಮಾರ್ಚ್ 20ರಿಂದ ಜಾರಿಗೆ ಬಂದ ನಿಯಮದಂತೆ, 90 ದಿನಗಳಿಗಿಂತ ಹೆಚ್ಚು ಅಕ್ರಮವಾಗಿ ಉಳಿದು ತಾನಾಗಿಯೇ ಹಾಜರಾದವನಿಗೆ ಒಂದು ವರ್ಷ ಮರುಪ್ರವೇಶವಿಲ್ಲ. ಒಂದು ವರ್ಷ ಮೀರಿದ್ದರೆ ಮೂರು ವರ್ಷ, ಮೂರು ವರ್ಷ ಮೀರಿದ್ದರೆ ಐದು ವರ್ಷ, ಐದು ವರ್ಷ ಮೀರಿದ್ದರೆ ಹತ್ತು ವರ್ಷ ನಿಷೇಧ. ತಾನಾಗಿ ಹಾಜರಾಗದೆ ಸಿಕ್ಕಿಬಿದ್ದರೆ ಒಂದು ವರ್ಷದೊಳಗಿನ ಅಕ್ರಮ ವಾಸಕ್ಕೂ ಐದು ವರ್ಷ, ಅದಕ್ಕಿಂತ ಹೆಚ್ಚಾದರೆ ಹತ್ತು ವರ್ಷ ನಿಷೇಧ. ಬಚ್ಚಿಟ್ಟುಕೊಂಡವನಿಗಿಂತ ಮುಂದೆ ಬಂದವನನ್ನು ಕಾನೂನು ಮೃದುವಾಗಿ ಕಾಣುತ್ತದೆ. ಈ ಒಂದು ವಿಷಯವನ್ನು ತಿಳಿಯದೆ ಅವಿತುಕೊಂಡವರು ತಮ್ಮ ಕಷ್ಟವನ್ನು ತಾವೇ ದುಪ್ಪಟ್ಟು ಮಾಡಿಕೊಂಡಿದ್ದಾರೆ.

ಇಲ್ಲಿ ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕಾಗಿದೆ. ನಿಯಮ ಎಲ್ಲರಿಗೂ ಒಂದೇ ಎಂದು ಕಾಗದ ಹೇಳುತ್ತದೆ. ಆದರೆ ಕಡಲತೀರದಲ್ಲಿ ಲ್ಯಾಪ್‌ಟಾಪ್ ಹಿಡಿದು ಕುಳಿತ ಶ್ರೀಮಂತ ದೇಶದವನಿಗಾಗಿ ಥಾಯ್ಲೆಂಡ್ 2024ರಲ್ಲಿ ಐದು ವರ್ಷಗಳ ವಿಶೇಷ ವೀಸಾವನ್ನೇ ಸೃಷ್ಟಿಸಿತು. ಖಾತೆಯಲ್ಲಿ ಐದು ಲಕ್ಷ ಬಾತ್ ಇದೆಯೆಂದು ತೋರಿಸಿದರೆ ಒಂದು ಭೇಟಿಗೆ 180 ದಿನಗಳವರೆಗೆ ಇರಬಹುದು. ಹಣವಿದ್ದವನ ದೀರ್ಘ ವಾಸಕ್ಕೆ ಜೀವನಶೈಲಿ ಎಂಬ ಹೆಸರು, ಹಣವಿಲ್ಲದವನ ದೀರ್ಘ ವಾಸಕ್ಕೆ ಅಪರಾಧ ಎಂಬ ಹೆಸರು. ಜಗತ್ತು ಇಂದು ನಡೆಯುತ್ತಿರುವುದೇ ಹೀಗೆ. ಈ ತಾರತಮ್ಯವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಅದು ಇದೆ ಎಂಬುದನ್ನು ಅರಿಯದೆ ಮಕ್ಕಳನ್ನು ವಿಮಾನ ಹತ್ತಿಸುವುದು ಜಾಣತನವಲ್ಲ. ಯುರೋಪಿನವನು ಮೂರು ಬಾರಿ ಪಾರಾದ ಗಡಿಯಲ್ಲಿ ನಮ್ಮ ಊರಿನ ಹುಡುಗ ಮೊದಲ ಬಾರಿಗೇ ಪಕ್ಕದ ಕೋಣೆಗೆ ಕರೆಯಲ್ಪಡಬಹುದು.

ದಿನಗಳ ಲೆಕ್ಕಕ್ಕಿಂತಲೂ ಗಂಭೀರವಾದುದು ಉದ್ದೇಶದ ಪ್ರಶ್ನೆ. ವೀಸಾರಹಿತ ಪ್ರವೇಶ ಪ್ರವಾಸಕ್ಕೆ ಮತ್ತು ಅಲ್ಪಾವಧಿಯ ವ್ಯಾಪಾರ ಸಂಬಂಧಿ ಭೇಟಿಗೆ ಮಾತ್ರ, ಉದ್ಯೋಗಕ್ಕೆ ಅಲ್ಲ ಎಂದು ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿ ಮತ್ತೆ ಮತ್ತೆ ಎಚ್ಚರಿಸಿದೆ. ಆದರೂ ‘ಡೇಟಾ ಎಂಟ್ರಿ ಕೆಲಸ, ಕಸ್ಟಮರ್ ಕೇರ್ ಕೆಲಸ, ಥಾಯ್ಲೆಂಡಿನಲ್ಲಿ ಕಂಪೆನಿ, ವೀಸಾದ ತಲೆಬಿಸಿ ಇಲ್ಲ’ ಎಂಬ ಆಮಿಷಕ್ಕೆ ದೇಶದ ಹಲವು ರಾಜ್ಯಗಳ ಯುವಕರು ಬಲಿಯಾದರು. ಬ್ಯಾಂಕಾಕಿನಲ್ಲಿ ಇಳಿದವರನ್ನು ಸುಮಾರು 500 ಕಿಲೋಮೀಟರ್ ದೂರದ ಮೇ ಸೋತ್ ಎಂಬ ಗಡಿ ಪಟ್ಟಣಕ್ಕೆ ಕಾರಿನಲ್ಲಿ ಒಯ್ಯಲಾಯಿತು. ಅಲ್ಲಿ ಮೋಯಿ ನದಿಯೇ ಗಡಿ. ನದಿಯಾಚೆ ಮ್ಯಾನ್ಮಾರಿನ ಮ್ಯಾವಡ್ಡಿ ಪ್ರದೇಶ. ಸಶಸ್ತ್ರ ಗುಂಪುಗಳ ರಕ್ಷಣೆಯಲ್ಲಿ, ಎತ್ತರದ ಗೋಡೆಗಳ ಒಳಗೆ ನಡೆಯುವ ಆನ್‌ಲೈನ್ ವಂಚನೆಯ ಕೇಂದ್ರಗಳು ಅಲ್ಲಿವೆ. ಅವುಗಳಲ್ಲಿ ಕೆ.ಕೆ. ಪಾರ್ಕ್ ಎಂಬುದು ಕುಖ್ಯಾತ. ಪಾಸ್‌ಪೋರ್ಟ್ ಕಸಿದುಕೊಂಡು, ಹಗಲು ರಾತ್ರಿ ಕಂಪ್ಯೂಟರಿನ ಮುಂದೆ ಕೂರಿಸಿ, ದೂರದ ಅಮಾಯಕರನ್ನು ಸುಳ್ಳು ಹೂಡಿಕೆಗಳಿಗೆ ಸೆಳೆಯುವ ಕೆಲಸ ಮಾಡಿಸಲಾಗುತ್ತದೆ. ಒಪ್ಪದವರಿಗೆ ಹೊಡೆತ, ಬಿಡುಗಡೆ ಬೇಕೆಂದವರಿಂದ ಹಣಕ್ಕೆ ಬೇಡಿಕೆ. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಮಂದಿ, ಕಾಂಬೋಡಿಯದಲ್ಲಿ ಸುಮಾರು 1,00,000 ಮಂದಿ ಇಂತಹ ಕೇಂದ್ರಗಳಲ್ಲಿ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜಿಸಿತ್ತು.

2025ರ ಫೆಬ್ರವರಿಯಲ್ಲಿ ಥಾಯ್ಲೆಂಡ್ ಈ ಪ್ರದೇಶಕ್ಕೆ ವಿದ್ಯುತ್ ಮತ್ತು ಇಂಧನ ಪೂರೈಕೆಯನ್ನು ನಿಲ್ಲಿಸಿತು. ಒತ್ತಡಕ್ಕೆ ಮಣಿದು ಸಾವಿರಾರು ಮಂದಿಯನ್ನು ಬಿಡುಗಡೆ ಮಾಡಲಾಯಿತು. ಮಾರ್ಚ್ 10ರಂದು 283 ಮತ್ತು ಮರುದಿನ 266 ಭಾರತೀಯರನ್ನು ಮೇ ಸೋತ್‌ನಿಂದ ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್ ಸೇನೆ ಕೆ.ಕೆ. ಪಾರ್ಕ್ ಮೇಲೆ ದಾಳಿ ಮಾಡಿದಾಗ ಮತ್ತೆ ನೂರಾರು ಭಾರತೀಯರು ನದಿ ದಾಟಿ ಥಾಯ್ಲೆಂಡಿಗೆ ಓಡಿ ಬಂದರು. ನವೆಂಬರ್ 6ರಂದು ಅವರಲ್ಲಿ 270 ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲೇ ಕರೆತರಲಾಯಿತು.

ಈ ಘಟನೆಯ ಒಂದು ಅಂಶವನ್ನು ಪ್ರತಿಯೊಬ್ಬ ತಂದೆ ತಾಯಿ ಗಮನಿಸಬೇಕು. ಪ್ರಾಣ ಉಳಿಸಿಕೊಳ್ಳಲು ನದಿ ದಾಟಿ ಬಂದ ಆ ಭಾರತೀಯರನ್ನು ಥಾಯ್ ಅಧಿಕಾರಿಗಳು ವಶಕ್ಕೆ ಪಡೆದದ್ದು ವಲಸೆ ಕಾನೂನು ಉಲ್ಲಂಘಿಸಿದ ಆರೋಪದಲ್ಲಿ. ಕಾನೂನಿನ ಕಣ್ಣಿಗೆ ಅವರು ಅನುಮತಿಯಿಲ್ಲದೆ ಗಡಿ ನುಸುಳಿ ಮರುಪ್ರವೇಶ ಮಾಡಿದವರು. ಮೊದಲ ಬಾರಿ ಬ್ಯಾಂಕಾಕಿನಲ್ಲಿ ನಗುನಗುತ್ತಾ ಒತ್ತಿಸಿಕೊಂಡ ವೀಸಾರಹಿತ ಪ್ರವೇಶದ ಮುದ್ರೆ, ಅವರು ನದಿ ದಾಟಿದ ಕ್ಷಣದಲ್ಲೇ ಬೆಲೆ ಕಳೆದುಕೊಂಡಿತ್ತು. ವಂಚನೆಗೊಳಗಾಗಿ ಸಾಗಿಸಲ್ಪಟ್ಟವನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಪರಿಗಣಿಸಲಾಗದು ಎಂಬುದು 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಕಳ್ಳಸಾಗಣೆ ವಿರೋಧಿ ಒಡಂಬಡಿಕೆಯ ತತ್ವ. ಭಾರತ ಅದನ್ನು 2011ರಲ್ಲಿ ಅನುಮೋದಿಸಿದೆ. ಆದರೆ ತಾನು ವಂಚಿತನೆಂದು ಸಾಬೀತುಪಡಿಸುವ ಹೊರೆ ಕೈಯಲ್ಲಿ ಪಾಸ್‌ಪೋರ್ಟೂ ಇಲ್ಲದೆ ನಿಂತ ಆ ಯುವಕನ ಹೆಗಲ ಮೇಲೆಯೇ ಬೀಳುತ್ತದೆ. ಊರಿಗೆ ಮರಳಿದ ಮೇಲೂ ಅವನು ಸಂತ್ರಸ್ತನೋ ವಂಚಕರ ಕೂಟದ ಸದಸ್ಯನೋ ಎಂಬ ವಿಚಾರಣೆಯನ್ನು ಎದುರಿಸಬೇಕಾಗುತ್ತದೆ.

ಇನ್ನು ಇರಾನಿನ ಉದಾಹರಣೆ. ಅಲ್ಲಿನ ವಿನಾಯಿತಿಯ ಷರತ್ತುಗಳು ಬಹಳ ಸ್ಪಷ್ಟವಾಗಿದ್ದವು. ಆರು ತಿಂಗಳಿಗೆ ಒಮ್ಮೆ ಮಾತ್ರ ಪ್ರವೇಶ, 15 ದಿನಗಳ ಮೇಲೆ ಒಂದು ದಿನವೂ ವಿಸ್ತರಣೆಯಿಲ್ಲ, ವಿಮಾನದ ಮೂಲಕ ಬಂದವರಿಗೆ ಮಾತ್ರ, ಪ್ರವಾಸಕ್ಕೆ ಮಾತ್ರ. ಇಷ್ಟು ಬಿಗಿಯಾದ ನಿಯಮವನ್ನೂ ದುಷ್ಟರು ತಮ್ಮ ವ್ಯಾಪಾರಕ್ಕೆ ಬಳಸಿಕೊಂಡರು. ಉದ್ಯೋಗದ ಆಸೆ ತೋರಿಸಿ ಅಥವಾ ಅಲ್ಲಿಂದ ಮುಂದೆ ಬೇರೆ ದೇಶಕ್ಕೆ ದಾಟಿಸುವ ಭರವಸೆ ಕೊಟ್ಟು ಭಾರತೀಯರನ್ನು ಕರೆದೊಯ್ದು, ಒತ್ತೆಯಿಟ್ಟು, ಮನೆಯವರಿಂದ ಹಣ ಕೇಳಿದ ಪ್ರಕರಣಗಳು ನಡೆದವು. ಪರಿಣಾಮವಾಗಿ 2025ರ ನವೆಂಬರ್ 22ರಿಂದ ಸಾಮಾನ್ಯ ಪಾಸ್‌ಪೋರ್ಟಿನ ಭಾರತೀಯರಿಗೆ ಇರಾನ್ ಆ ಸೌಲಭ್ಯವನ್ನು ಅಮಾನತಿನಲ್ಲಿಟ್ಟಿತು. ಕೆಲವು ಏಜೆಂಟರ ಪಾಪಕ್ಕೆ ಸಾಮಾನ್ಯ ಪ್ರಯಾಣಿಕರೆಲ್ಲರೂ ಬೆಲೆ ತೆರಬೇಕಾಯಿತು.

ಈಗ ಮೂಲ ಪ್ರಶ್ನೆಗೆ ಬರೋಣ. ವೀಸಾ ಕಚೇರಿಯ ಕಿಟಕಿಯಲ್ಲಿ ಕುಳಿತವನು ನಮ್ಮನ್ನು ಎಷ್ಟೇ ಗೋಳು ಹೊಯ್ದುಕೊಂಡರೂ ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತಿದ್ದ: ನೀನು ಏಕೆ ಹೋಗುತ್ತಿರುವೆ, ಯಾರು ಕರೆದಿದ್ದಾರೆ, ಯಾವಾಗ ಮರಳುವೆ? ವಿನಾಯಿತಿಯಿಂದಾಗಿ ಆ ಕಿಟಕಿ ಇಲ್ಲವಾಯಿತು. ಹಾಗಾದರೆ ಆ ಪ್ರಶ್ನೆಯನ್ನು ಈಗ ಕೇಳುವವರು ಯಾರು? ಟಿಕೆಟ್ ಮಾರುವವನು ಕೇಳುವುದಿಲ್ಲ. ಕಮಿಶನ್ ಪಡೆಯುವ ಏಜೆಂಟ್ ಕೇಳುವುದಿಲ್ಲ. ನಮ್ಮ ಸರಕಾರದ ವ್ಯವಸ್ಥೆಯೂ ಕೇಳುವುದಿಲ್ಲ. 1983ರ ವಲಸೆ ಕಾಯ್ದೆಯಂತೆ, ಹತ್ತನೇ ತರಗತಿ ದಾಟದವರು 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವಾಗ ಸರಕಾರದ ಅನುಮತಿ ಪಡೆಯಬೇಕು. ಆ ಪಟ್ಟಿಯಲ್ಲಿ ಕೊಲ್ಲಿ ದೇಶಗಳ ಜೊತೆ ಥಾಯ್ಲೆಂಡ್ ಮತ್ತು ಮಲೇಶ್ಯಗಳೂ ಇವೆ. ಉದ್ಯೋಗದಾತನ ಒಪ್ಪಂದ, ವೇತನ, ವಿಮೆ ಇವೆಲ್ಲ ಆಗ ದಾಖಲಾಗುತ್ತವೆ. ಆದರೆ ಅದೇ ಯುವಕ ‘ನಾನು ಪ್ರವಾಸಿಗ’ ಎಂದು ಹೇಳಿ ವಿಮಾನ ಹತ್ತಿದರೆ ಆ ಜಾಲದಿಂದ ನುಣುಚಿಕೊಳ್ಳುತ್ತಾನೆ. ಅವನು ಕಾಣೆಯಾದಾಗ ಸರಕಾರದ ಕಡತದಲ್ಲಿ ಅವನ ಉದ್ಯೋಗದಾತನ ಹೆಸರೇ ಇರುವುದಿಲ್ಲ. ಏಜೆಂಟ್ ಅವನಿಗೆ ವಿಮಾನ ನಿಲ್ದಾಣದಲ್ಲಿ ಹೇಳಲು ಕಲಿಸಿಕೊಟ್ಟ ಒಂದು ಸುಳ್ಳು, ಅವನ ರಕ್ಷಣೆಗಿದ್ದ ಏಕೈಕ ಕಾನೂನನ್ನೇ ಅವನಿಂದ ದೂರ ಮಾಡುತ್ತದೆ.

ಆದ್ದರಿಂದ ಸರಕಾರವು ತನ್ನ ಹೊಣೆಯನ್ನು ಎಚ್ಚರಿಕೆಯ ಪ್ರಕಟಣೆಗಳಿಗೆ ಸೀಮಿತಗೊಳಿಸಿದರೆ ಸಾಲದು. 1983ರ ಕಾಯ್ದೆಯ ಬದಲಿಗೆ ಹೊಸ ಕಾಯ್ದೆಯೊಂದರ ಕರಡನ್ನು ವಿದೇಶಾಂಗ ಸಚಿವಾಲಯವು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ ಅಭಿಪ್ರಾಯಗಳನ್ನು ಆಹ್ವಾನಿಸಿತು. ಪ್ರವಾಸಿಗರ ಸೋಗಿನಲ್ಲಿ ಉದ್ಯೋಗಕ್ಕೆ ಸಾಗಿಸುವವರನ್ನು ಹಿಡಿಯುವ ಶಕ್ತಿ ಇಲ್ಲದಿದ್ದರೆ ಯಾವ ಹೊಸ ಕಾಯ್ದೆ ಬಂದರೂ ಪ್ರಯೋಜನವಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಮಾನವ ಕಳ್ಳಸಾಗಣೆಗೆ ಕಠಿಣ ಶಿಕ್ಷೆ ವಿಧಿಸುತ್ತದೆ. ಆದರೆ ಹೆತ್ತವರು ದೂರು ಹಿಡಿದು ಠಾಣೆಗೆ ಹೋದಾಗ ಅದನ್ನು ಹಣಕಾಸಿನ ತಕರಾರೆಂದು ಪಕ್ಕಕ್ಕಿಟ್ಟರೆ ಕಲಂ ಇದ್ದೂ ಇಲ್ಲದಂತೆ. ಜಿಲ್ಲಾಡಳಿತಗಳು ನೋಂದಾಯಿತ ಏಜೆಂಟರ ಪಟ್ಟಿಯನ್ನು ಕನ್ನಡದಲ್ಲಿ, ಪಂಚಾಯತ್ ಕಚೇರಿಗಳಲ್ಲೂ ಕಾಲೇಜುಗಳಲ್ಲೂ ಏಕೆ ಪ್ರದರ್ಶಿಸಬಾರದು? ಪದವಿ ಮುಗಿಸಿದವನಿಗೆ ಊರಿನಲ್ಲಿ ಗೌರವದ ಸಂಬಳ ಸಿಗುವಂತಿದ್ದರೆ ಅವನು ಅಪರಿಚಿತನ ಮೊಬೈಲ್ ಸಂದೇಶವನ್ನು ನಂಬಿ ಸಾಲ ಮಾಡಿ ಹೊರಡುತ್ತಿದ್ದನೇ? ಈ ಪ್ರಶ್ನೆಗಳಿಗೆ ಉತ್ತರಿಸಬೇಕಾದವರು ಅಧಿಕಾರದಲ್ಲಿರುವವರು.

ಆದರೆ ಎಲ್ಲವನ್ನೂ ಸರಕಾರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ನಮ್ಮ ಸಮಾಜಕ್ಕೆ ಶೋಭೆಯಲ್ಲ. ಬಲೆ ಬೀಸುವವನು ಎಲ್ಲೋ ದೂರದಲ್ಲಿದ್ದರೂ ಬಲೆಯ ತುದಿ ಹಿಡಿದವನು ಅನೇಕ ವೇಳೆ ಪರಿಚಿತನೇ ಆಗಿರುತ್ತಾನೆ. ಗೆಳೆಯನ ಅಣ್ಣ, ದೂರದ ಸಂಬಂಧಿ, ಹಿಂದೆ ಒಮ್ಮೆ ಹೋಗಿ ಬಂದವನು. ನಂಬಿಕೆ ಇರುವ ಕಡೆ ನಾವು ಕಾಗದ ಕೇಳುವುದಿಲ್ಲ. ಕೇಳಿದರೆ ಅವನಿಗೆ ಬೇಸರವಾಗಬಹುದೆಂಬ ದಾಕ್ಷಿಣ್ಯ ನಮ್ಮದು. ಹತ್ತು ಸಾವಿರ ರೂಪಾಯಿಯ ವ್ಯವಹಾರಕ್ಕೆ ಇಬ್ಬರು ಸಾಕ್ಷಿಗಳನ್ನು ಕೂರಿಸುವ ಮನೆತನಗಳು, ಮಗನನ್ನೇ ಒಪ್ಪಿಸುವಾಗ ಒಂದು ಚೀಟಿಯನ್ನೂ ಬರೆಸಿಕೊಳ್ಳುವುದಿಲ್ಲ. ಒಪ್ಪಂದವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ಕುರ್‌ಆನ್ ಕಲಿಸಿದ್ದು ಪುಟ್ಟ ಸಾಲಗಳಿಗೆ ಮಾತ್ರ ಅನ್ವಯವೇ? ಜೊತೆಗೆ, ವಿದೇಶದಿಂದ ಹಣ ತಂದವನನ್ನು ಅದು ಹೇಗೆ ಬಂತೆಂದು ಕೇಳದೆ ಸನ್ಮಾನಿಸುವ, ಬರಿಗೈಯಲ್ಲಿ ಮರಳಿದವನನ್ನು ಏಕೆಂದು ಕೇಳದೆ ಹೀಯಾಳಿಸುವ ನಮ್ಮ ಚಾಳಿಯೂ ಬದಲಾಗಬೇಕು. ಮರಳಿದರೆ ಊರು ನಗುತ್ತದೆ ಎಂಬ ಭಯವೇ ಎಷ್ಟೋ ಯುವಕರನ್ನು ಅವಧಿ ಮೀರಿ ಪರದೇಶದಲ್ಲಿ ಅವಿತು ಕೂರುವಂತೆ ಮಾಡುತ್ತದೆ.

ಹಾಗಾದರೆ ಮನೆಯವರು ಏನು ಮಾಡಬೇಕು? ವೀಸಾ ಅಧಿಕಾರಿ ಕೇಳದ ಪ್ರಶ್ನೆಗಳನ್ನು ತಾವೇ ಕೇಳಬೇಕು. ಹೋಗುತ್ತಿರುವುದು ತಿರುಗಾಟಕ್ಕೋ ಕೆಲಸಕ್ಕೋ? ಕೆಲಸಕ್ಕಾದರೆ, ಹೊರಡುವ ಮೊದಲೇ ಆ ದೇಶದ ಉದ್ಯೋಗ ವೀಸಾ ಎಲ್ಲಿದೆ? ‘ಅಲ್ಲಿಗೆ ಹೋದ ಮೇಲೆ ಮಾಡಿಸೋಣ’ ಎಂಬ ಉತ್ತರ ಬಂದರೆ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಕಳುಹಿಸುವವನು ಸರಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತನೇ? ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಮಾತ್ರ. ಲಕ್ಷಗಳ ಮಾತಾಡುವವನು ಕಾನೂನಿನ ಹೊರಗೆ ನಿಂತಿದ್ದಾನೆ ಎಂದೇ ತಿಳಿಯಬೇಕು. ಸಂಶಯವಿದ್ದರೆ ಬೆಂಗಳೂರಿನಲ್ಲಿರುವ ವಲಸಿಗರ ಸಂರಕ್ಷಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಬಹುದು. ಪ್ರವಾಸಕ್ಕೇ ಹೋಗುವವರಾದರೂ ಆ ದೇಶದ ನಿಯಮ ಇಂದು ಏನಿದೆಯೆಂದು ಅಲ್ಲಿನ ಸರಕಾರದ ಅಥವಾ ನಮ್ಮ ರಾಯಭಾರ ಕಚೇರಿಯ ಪ್ರಕಟಣೆಯಲ್ಲಿ ನೋಡಬೇಕೇ ಹೊರತು ಹೋದ ವರ್ಷ ಹೋಗಿ ಬಂದವರ ಮಾತಿನ ಮೇಲೆ ನೆಚ್ಚಿಕೊಳ್ಳಬಾರದು. ಥಾಯ್ಲೆಂಡಿನ 60 ದಿನಗಳನ್ನು ಮತ್ತೆ ಕಡಿಮೆ ಮಾಡಬೇಕೆಂಬ ಪ್ರಸ್ತಾಪ 2025ರಲ್ಲೇ ಅಲ್ಲಿನ ಸರಕಾರದೊಳಗೆ ಎದ್ದಿತ್ತು. ಇಂತಹ ವಿನಾಯಿತಿಗಳು ಹಕ್ಕುಗಳಲ್ಲ. ಕೊಟ್ಟವರು ಯಾವಾಗ ಬೇಕಾದರೂ ಹಿಂಪಡೆಯಬಹುದು.

ಈಗಾಗಲೇ ಹೋಗಿರುವವರ ಮನೆಗಳಿಗೂ ಎರಡು ಮಾತು. ಪಾಸ್‌ಪೋರ್ಟಿನ ಪ್ರತಿಯೊಂದು ಪುಟದ ಚಿತ್ರ, ವಿಶೇಷವಾಗಿ ಪ್ರವೇಶದ ಮುದ್ರೆಯಿರುವ ಪುಟದ್ದು, ಮನೆಯಲ್ಲೂ ಇರಲಿ. ಮುದ್ರೆಯಲ್ಲಿ ಬರೆದ ಕೊನೆಯ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅವಧಿ ಸಾಲದಿದ್ದರೆ ಅದಕ್ಕೆ ಮೊದಲೇ ಇಮಿಗ್ರೇಶನ್ ಕಚೇರಿಗೆ ಹೋಗುವುದು ದಾರಿ. ‘ಗಡಿಯಲ್ಲಿ ಮುದ್ರೆ ಹಾಕಿಸಿ ತರುತ್ತೇನೆ, ಪಾಸ್‌ಪೋರ್ಟ್ ಕೊಡು’ ಎನ್ನುವವನ ಕೈಗೆ ಅದನ್ನು ಕೊಡಲೇಬಾರದು. ಹಗಲಿನಲ್ಲಿ ಹೆದ್ದಾರಿ, ರಾತ್ರಿಯಲ್ಲಿ ನದಿ ದಂಡೆ ಎಂದು ಪ್ರಯಾಣ ಬೆಳೆದರೆ ಅದು ಕಂಪೆನಿಯ ದಾರಿಯಲ್ಲ. ತೊಂದರೆಗೆ ಸಿಲುಕಿದವರ ಕುಟುಂಬ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಸಂಕಷ್ಟದಲ್ಲಿರುವವರ ನೆರವಿಗಾಗಿ ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿದೆ. ಮಾನಕ್ಕೆ ಅಂಜಿ ವಿಷಯವನ್ನು ಮುಚ್ಚಿಟ್ಟು ಏಜೆಂಟನ ಬಳಿಯೇ ಚೌಕಾಶಿಗೆ ಕುಳಿತರೆ ಕಳೆದುಹೋಗುವುದು ಹಣ ಮಾತ್ರವಲ್ಲ.

ನಮ್ಮ ಜಮಾಅತ್‌ಗಳು ಮದುವೆ, ಮರಣ, ಆಸ್ತಿ ತಗಾದೆಗಳ ದಾಖಲೆಗಳನ್ನು ಅಚ್ಚುಕಟ್ಟಾಗಿ ಇಟ್ಟುಕೊಂಡು ಬಂದಿವೆ. ಊರಿನಿಂದ ಯಾರು ಯಾವ ದೇಶಕ್ಕೆ ಯಾರ ಮೂಲಕ ಹೋದರು, ಯಾವಾಗ ಮರಳಬೇಕು ಎಂಬ ಒಂದು ಪುಸ್ತಕವನ್ನೂ ಅವು ಇಡಲು ಸಾಧ್ಯವಿಲ್ಲವೇ? ಇ-ಮೈಗ್ರೇಟ್ ಪಟ್ಟಿಯನ್ನು ನೋಡಿ ಹೇಳಬಲ್ಲ ಒಬ್ಬ ಪದವೀಧರ ಇಂದು ಪ್ರತಿ ಮೊಹಲ್ಲಾದಲ್ಲೂ ಇದ್ದಾನೆ. ವಾರಕ್ಕೆ ಒಂದು ಸಂಜೆ ಅವನು ಮಸೀದಿಯ ಪಕ್ಕದ ಕೋಣೆಯಲ್ಲಿ ಕುಳಿತು, ಬಂದವರ ಕಾಗದಗಳನ್ನು ಓದಿ ಹೇಳಿದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪೀತು. ಇದಕ್ಕೆ ದೊಡ್ಡ ಸಮ್ಮೇಳನವೂ ಬೇಡ, ವಂತಿಗೆಯೂ ಬೇಡ. ವೀಸಾ ಕೇಳದ ದೇಶಗಳು ಇನ್ನಷ್ಟು ಹೆಚ್ಚಲಿ, ನಮ್ಮ ಮಕ್ಕಳು ಲೋಕ ಸುತ್ತಿ ಬರಲಿ ಎಂಬುದೇ ನಮ್ಮ ಹಾರೈಕೆ. ಆದರೆ ಹೊರಡುವ ಮೊದಲು ಮನೆಯ ಜಗಲಿಯಲ್ಲಿ ಯಾರಾದರೂ ಒಬ್ಬರು ಅವರನ್ನು ತಡೆದು ನಿಲ್ಲಿಸಿ, ‘ಏಕೆ ಹೋಗುತ್ತಿರುವೆ, ಯಾರು ಕರೆದಿದ್ದಾರೆ, ಯಾವಾಗ ಬರುವೆ’ ಎಂದು ಕೇಳಲಿ. ತೃಪ್ತಿಕರವಾದ ಉತ್ತರ ಸಿಗುವವರೆಗೆ ಟಿಕೆಟಿನ ಹಣ ಪೆಟ್ಟಿಗೆಯಲ್ಲೇ ಇರಲಿ.